ರಾತ್ರಿ ಪಾಳಿ, ಮಾಲ್ದಾರೆ

ಜನವರಿ. ಕಣದ ತುಂಬ ರೊಬಸ್ಟಾ ಹಣ್ಣು
ಹಗಲಿಡೀ ಕಾದು, ಈಗ ಟಾರ್ಪಾಲಿನಡಿ ಬೆವರುತ್ತಿದೆ.
ಹುಳಿ ವಾಸನೆ. ಈ ವರ್ಷದ ರೇಟು ಕಳ್ಳರಿಗೂ ಗೊತ್ತು.
ಅದಕ್ಕೇ ನಾನು, ಮಾಜಿ ಹವಾಲ್ದಾರ, ಸಿಗ್ನಲ್ಸ್,
ಹದಿನೇಳು ವರ್ಷ ಕಿವಿಗೆ ಹೆಡ್‌ಫೋನು ಕಟ್ಟಿಕೊಂಡವನು.
ಈಗ ಒಂದು ಕೋವಿ, ಒಂದು ಟಾರ್ಚು, ಒಂದು ಕಂಬಳಿ.
ಬೆಂಕಿಯ ಪಕ್ಕ ಬೊಳಕನ ಗೊರಕೆ.
ಅವನ ಮಗಳು ಜಾನುವಿಗೆ ಮಾತ್ರ ನಿದ್ದೆಯಿಲ್ಲ.

"ಆ ಕೆಂಪನೆಯದು ಯಾವುದಜ್ಜ?"
ಆರಿದ್ರಾ ಅಂದೆ. ನಕ್ಕಳು:
"ಆರಿದ್ರಾ ಮಳೆಯಲ್ಲವಾ, ಜೂನಿನದು?"
ಮಳೆಗೂ ಅದೇ ಹೆಸರು, ನಕ್ಷತ್ರಕ್ಕೂ ಅದೇ.
ಮುದಿಯಾಗಿದೆ, ನನ್ನ ಹಾಗೇ ಊದಿಕೊಂಡಿದೆ.
ಒಂದು ಚಳಿಗಾಲ ಇದ್ದಕ್ಕಿದ್ದಂತೆ ಮಂಕಾಯಿತು,
ಇನ್ನೇನು ಹೋಯಿತು ಅಂದರು. ಮತ್ತೆ ಬೆಳಗಿತು.
ಒಂದು ದಿನ ಸಿಡಿಯುವುದು ಖಂಡಿತ.
ಯಾವ ದಿನ? ನಾಳೆಯೋ, ಲಕ್ಷ ವರ್ಷಕ್ಕೋ.
ಆಗಲೇ ಸಿಡಿದು, ಸುದ್ದಿ ಇನ್ನೂ
ದಾರಿಯಲ್ಲಿದ್ದರೂ ಇದ್ದೀತು.
"ಎಷ್ಟು ದೂರದ ದಾರಿ?"
ಬೆಳಕಿನ ನಡಿಗೆಯಲ್ಲಿ ಐನೂರು ವರ್ಷ,
ಕೆಲವರು ಏಳುನೂರು ಅನ್ನುತ್ತಾರೆ.
"ಅಂದರೆ ದೊಡ್ಡವರಿಗೂ ಗೊತ್ತಿಲ್ಲ!"
ಅವಳ ಖುಷಿ ನೋಡಬೇಕಿತ್ತು,
ಹೆಡ್‌ಮಾಸ್ಟರು ಲೆಕ್ಕ ತಪ್ಪಿದ ಹಾಗೆ.

ಸೆಟ್ಟಿನ ಕಥೆ ಹೇಳಿದೆ. ಸಿಕ್ಕಿಮಿನ ಹಿಮದಲ್ಲಿ
ಯಾರೂ ಮಾತಾಡದ ಚಾನೆಲ್ಲಿನಲ್ಲೂ
ಹುರುಳಿ ಹುರಿದ ಹಾಗೆ ಒಂದು ಸದ್ದು.
ಅದರಲ್ಲಿ ಚಿಟಿಕೆಯಷ್ಟು
ಜಗತ್ತು ಹುಟ್ಟಿದ ಹೊಸತರ ಬಿಸಿಯಂತೆ.
ಆಗಲೇ ತಿಳಿದಿದ್ದರೆ
ಇನ್ನಷ್ಟು ಮರ್ಯಾದೆಯಿಂದ ಕೇಳುತ್ತಿದ್ದೆ.

ಈಗಿನ ದೊಡ್ಡ ದೊಡ್ಡ ಆಂಟೆನಾಗಳಿಗೆ
ರೆಪ್ಪೆ ಬಡಿಯುವುದರೊಳಗೆ ಮುಗಿಯುವ ಕೂಗೊಂದು ಬಂದು ಬೀಳುತ್ತದೆ,
ಸೂರ್ಯ ದಿನಗಟ್ಟಲೆ ಸುರಿಯುವಷ್ಟು ಕಸುವು ಅದಕ್ಕೆ.
ಕೆಲವು ಒಂದೇ ಸಲ. ಕೆಲವು ಮತ್ತೆ ಮತ್ತೆ.
ಕಾಲ್ ಸೈನ್ ಇಲ್ಲ.
ಸಂತ್ರಿ ಕತ್ತಲಿಗೆ ಕೂಗುತ್ತಾನೆ: ಥಮ್! ಕೌನ್ ಆತಾ ಹೈ?
ನಾವೂ ಆಕಾಶಕ್ಕೆ ಕೂಗಿ ನೋಡಿದ್ದೇವೆ.
ಜಾನು ಮೊಣಕಾಲಿಗೆ ಗಲ್ಲವಿಟ್ಟು ಹೇಳಿದಳು:
"ಅವರೂ ಎಲ್ಲೋ
ಉಸಿರು ಬಿಗಿಹಿಡಿದು ಕೂತಿರಬಹುದು."

ಅಷ್ಟರಲ್ಲಿ ಬೇಲಿಯಾಚೆ, ಗಾಳಿಯೇ ಇಲ್ಲ,
ಒಂದು ಕಾಫಿ ಗಿಡ ಬಾಗಿತು.
ಆಮೇಲೆ ಅದರ ಪಕ್ಕದ್ದು.
ಹಲಸಿನ ಕೊಂಬೆ ಲಟಕ್ಕೆಂದಿತು.
ಬೊಳಕನ ಗೊರಕೆ ನಿಂತಿತು.
ಟಾರ್ಚಿನ ಮೇಲೆ ನನ್ನ ಹೆಬ್ಬೆರಳು, ಒತ್ತಲಿಲ್ಲ.
ಕತ್ತಲಿನದೇ ಒಂದು ತುಂಡು ನಡೆದು ಹೋದಂತೆ,
ಗಿಡಗಳು ಬಾಗಿ, ಎದ್ದು, ಬಾಗಿ,
ಕೆರೆಯ ಕಡೆಗೆ.

ಎಷ್ಟೋ ಹೊತ್ತಿನ ಮೇಲೆ ಪಿಸುಗುಟ್ಟಿದೆ:
ಗ್ಯಾಲಕ್ಸಿಯ ಅಂಚಿನಲ್ಲೂ ಹೀಗೇ ಮಗಳೇ.
ನಕ್ಷತ್ರಗಳು ಲೆಕ್ಕಕ್ಕಿಂತ ಜೋರಾಗಿ ಸುತ್ತುತ್ತವೆ,
ಕಾಣುವ ಭಾರ ಅವನ್ನು ಹಿಡಿದಿಡಲು ಸಾಲದು.
ಏನೋ ಇದೆ, ಬೆಳಕಿಗೆ ಸಿಕ್ಕದ್ದು.
ಇಲ್ಲವೇ ನಮ್ಮ ಲೆಕ್ಕದಲ್ಲೇ ಎಲ್ಲೋ ತಪ್ಪಿದೆ.
ಅವಳು ಕೇಳಿದ್ದು ಇಷ್ಟೇ:
"ಎಷ್ಟು ದೊಡ್ಡದು?"

ಬೆಳಗಾಯಿತು. ಮಂಜು ಏಳುವ ಮೊದಲೇ
ಜಾನು ಮುರಿದ ಬೇಲಿ ದಾಟಿದ್ದಳು.
ಎರಡು ಜಡೆಯ ಎರಡು ರಿಬ್ಬನ್ನು ಬಿಚ್ಚಿ
ಮುಂಗಾಲಿನ ಹೆಜ್ಜೆಯ ಸುತ್ತ ಒಂದನ್ನು ಸುತ್ತಿ ಗುರುತು ಮಾಡಿ,
ಇನ್ನೊಂದನ್ನೂ ಅಷ್ಟೇ ಉದ್ದಕ್ಕೆ ಗಂಟು ಹಾಕಿದಳು.
ಅಪ್ಪ ಕಲಿಸಿದ ಲೆಕ್ಕ: ಹೆಜ್ಜೆಯ ಸುತ್ತಿಗೆ ಎರಡು ಪಟ್ಟು
ಆನೆಯ ಹೆಗಲು.

ಸಿಲ್ವರ್ ಓಕಿನ ಬುಡದಲ್ಲಿ ಒಂದು ತುದಿ ತುಳಿದು ನಿಂತಳು.
ಬೊಳಕ ಇನ್ನೊಂದನ್ನು ಮೇಲೆತ್ತಿದ,
ತುದಿಗಾಲಲ್ಲಿ, ಕೈ ಚಾಚಿ.
ರಿಬ್ಬನ್ನು ಇನ್ನೂ ಸಡಿಲವಾಗೇ ಇತ್ತು.

ನಾನು
ಮೆಣಸು ಕೊಯ್ಯುವ ಏಣಿ ತರಲು ಹೋದೆ.