ಆರು ತಾಸು ತಡ

ದೆಸ್ಸೆಗೆ ಬಂದ ಎರಡನೇ ಭಾನುವಾರ.
ಮೂರಕ್ಕೆ ಬಾ, ಕಾಫಿಗೆ, ಎಂದಿದ್ದಳು ವೊರ್ಕ್ನೆಶ್.
ಉಂಡು, ಒಂದು ಕೋಳಿನಿದ್ದೆ ಮುಗಿಸಿ,
ಇಸ್ತ್ರಿ ಅಂಗಿ ತೊಟ್ಟು
ಮೂರಕ್ಕೇ ಹೋದೆ.

ಇಡೀ ವಠಾರ ನಕ್ಕಿತು.
ಇಲ್ಲಿ ಸೂರ್ಯ ಎದ್ದಮೇಲೆ ಗಂಟೆ ಎಣಿಸುತ್ತಾರೆ;
ಅವರ ಮೂರು, ನನ್ನ ಬೆಳಗಿನ ಒಂಬತ್ತು.
ಗಣಿತದ ಮೇಷ್ಟ್ರು
ಆರು ತಾಸು ತಡ!

ಹೋಗಲಿ ಕೂತುಕೋ ಎಂದು
ಹಸಿ ಬೀಜ ಮತ್ತೆ ಬಾಣಲೆಗೆ ಸುರಿದಳು,
ಬಾಡಿದ ಹುಲ್ಲು ಗುಡಿಸಿ ಹೊಸತು ಹರಡಿದಳು.
ಮೊದಲ ಬಟ್ಟಲು ಗಟ್ಟಿ, ಎರಡನೆಯದು ತೆಳು,
ಹರಸುವುದು ಮೂರನೆಯದೇ ಅಂತೆ,
ಅಲ್ಲಿಯವರೆಗೆ ಏಳಕೂಡದು.

ಅವಳ ಮಗ ತಿಲಾಹುನ್,
ನನ್ನ ತರಗತಿಯ ಕೊನೇ ಬೆಂಚು,
ಅಮ್ಹಾರಿಕ್ ತಿದ್ದಿಸಿದ:
ನಾಲಿಗೆಯಲ್ಲ ಸಾರ್, ಗಂಟಲು.
ಮತ್ತೆ. ಇನ್ನೊಮ್ಮೆ. ಜೋರಾಗಿ.
ಥೇಟ್ ನನ್ನದೇ ಧಾಟಿ,
ಬೆತ್ತವೊಂದು ಇರಲಿಲ್ಲ.

ಪಕ್ಕದ ಮನೆಯ ಮುದುಕ
ಕೆಳಗಿನ ಮೈದಾನದ ಫುಟ್‌ಬಾಲಿಗೆ
ಕೂತಲ್ಲಿಂದಲೇ ಬೈಯುತ್ತಿದ್ದ.
ಯಾವ ಭಾಷೆಯಾದರೇನು,
ಬೈಗುಳ ಪೂರ್ತಿ ಅರ್ಥವಾಯಿತು.

ಚೀಲದಲ್ಲಿ ನಲವತ್ತೆರಡು ಉತ್ತರಪತ್ರಿಕೆ
ತಿದ್ದದೆ ಉಳಿದವು.
ಏಳುವಾಗ ಕೈಗಡಿಯಾರ ನೋಡಿಕೊಂಡೆ:
ತಿರುಗಿಸುವುದೇನೂ ಬೇಡ,
ಚಿಕ್ಕ ಮುಳ್ಳಿನ ಮೋಟು ಬಾಲ
ತೋರಿಸುತ್ತಲೇ ಇತ್ತು ಈ ಊರಿನ ಹೊತ್ತು.
ನಾನೇ
ಬರೀ ತುದಿ ಓದುತ್ತಿದ್ದೆ.