ಸ್ಪಿಟಲ್ ಲೇನ್, ಟೈರ್ ಅಂಗಡಿಯ ಹಿಂದೆ

ಹಾಸ್ಪಿಟಲ್ ಎಂಬ ಹೆಸರಿನ ಮೊದಲ ಗೆಣ್ಣು
ಉದುರಿಹೋಗಿ ಐನೂರು ವರ್ಷ.
ಉಳಿದದ್ದು ಸ್ಪಿಟಲ್.
ಹೊಸಬರ ಕಿವಿಗೆ ಉಗುಳು ಎಂದಂತೆ ಕೇಳಿ ನಗುತ್ತಾರೆ.
ನಾನೂ ನಕ್ಕವನೇ,
ಹತ್ತೊಂಬತ್ತಕ್ಕೆ ಇಲ್ಲಿ ಕೆಲಸಕ್ಕೆ ಸೇರಿದಾಗ.

ನಮ್ಮ ಸ್ಕೆಲ್‌ವಿಕ್ ದೊಡ್ಡ ಊರಲ್ಲ.
ಒಂದು ಸೇತುವೆ, ಎರಡು ಚರ್ಚು, ಬುಧವಾರದ ಸಂತೆ.
ಊರಬಾಗಿಲು ಇದ್ದ ಕಡೆ ಈಗ ಸಿಗ್ನಲ್ ದೀಪ.
ಅದರಾಚೆ ಕೂಗಳತೆಯಲ್ಲಿ ನಾವು:
ಟೈರು, ಬ್ರೇಕು, ಗಾಳಿ ಪುಕ್ಕಟೆ.
ಕೂಗಳತೆ. ಅಳೆದೇ ಇಟ್ಟಿದ್ದರು ಆಗ:
ಬೇಡುವ ದನಿ ಊರಿಗೆ ತಲುಪಬೇಕು,
ಬೇಡುವ ಉಸಿರು ತಲುಪಬಾರದು.

ಒಳಚರಂಡಿಗೆ ಅಗೆದ ಬೇಸಿಗೆ
ಜೆಸಿಬಿಯ ಹಲ್ಲಿಗೆ ಸಿಕ್ಕಿತು ಮೊದಲ ಕಾಲು.
ಪೊಲೀಸರು ಬಂದರು, ನೋಡಿದರು, ಟೀ ಕುಡಿದು ಹೋದರು.
ಆಮೇಲೆ ಬಂದವಳು ರೋವೆನಾ ಪಿಕರ್ಸ್‌ಗಿಲ್,
ಮೊಣಕಾಲಿಗೆ ಸ್ಪಂಜು ಕಟ್ಟಿಕೊಂಡು,
ನಿದ್ದೆಹೋದ ಮಗುವಿನ ಮೂಗು ಒರೆಸುವಂತೆ
ಬ್ರಶ್ಶಿನಲ್ಲಿ ಮಣ್ಣು ಒರೆಸುತ್ತ.
“ಕಾಲ್ಬೆರಳು ನೋಡು,” ಅಂದಳು,
“ಪೆನ್ಸಿಲ್ ಚೂಪು ಮಾಡಿದ ಹಾಗೆ.”
ಎಲ್ಲರ ತಲೆಯೂ ಪಡುವಣಕ್ಕೆ.
ಎದ್ದರೆ ಸೂರ್ಯನ ಎದುರಿಗೆ ಏಳಬೇಕಲ್ಲ, ಅದಕ್ಕೆ.
ಮೂವತ್ತೊಂದು ಜನ. ಅದರಲ್ಲಿ ನಾಲ್ಕು ಮಕ್ಕಳು.

ಮಿಕ್ಕದ್ದು ಚರ್ಚಿನ ಕಡತದಲ್ಲಿದೆ.
ಹನ್ನೆರಡು ಹಾಸಿಗೆ. ಒಂದು ಹಸು.
ಸಂತೆಗೆ ಬಂದ ಪ್ರತಿ ಚೀಲದಿಂದ
ಒಂದು ಹಿಡಿ ಬಾರ್ಲಿ ಅವರಿಗೆ.
ಪೇಟೆಯಲ್ಲಿ ನಾರುವ ಮೀನು ಸಿಕ್ಕರೆ
ಮಾರಿದವನಿಗೆ ದಂಡ, ಮೀನು ಅವರಿಗೆ.
ಹಿಡಿ ಅಂದರೆ ಯಾರ ಹಿಡಿ?
ಜಗಳ ಹತ್ತಿದ್ದು ಅಲ್ಲಿ.
ಮಡಚದ ಬೆರಳಿನ ಹಿಡಿಯಲ್ಲಿ
ನಿಂತೀತು ಎಷ್ಟು ಕಾಳು?
ಆದರೂ ವರ್ತಕರ ದೂರು:
ಅವರು ಮುಟ್ಟಿದ ಚೀಲ ಯಾರೂ ಕೊಳ್ಳುವುದಿಲ್ಲ.
ಊರು ಅವರನ್ನು ಕೈಬಿಟ್ಟಿತು ಎಂದರೆ ತಪ್ಪಾದೀತು.
ಒಂದು ಸೌಟು ಮಾಡಿಸಿಕೊಟ್ಟಿತು, ಉದ್ದ ಹಿಡಿಯದು.
ಬಡಗಿಗೆ ಎರಡು ಪೆನ್ನಿ ಎಂದು ಬರೆದಿದೆ.
ಸೌಟಿಗೆ ಎಷ್ಟು ಹಿಡಿಸುತ್ತಿತ್ತು ಎಂದು ಬರೆದಿಲ್ಲ.

ಹೆಸರು ಉಳಿದಿರುವುದು ಒಬ್ಬಳದೇ:
ಗಾಡ್‌ಲೀವ, ನೇಕಾರ ಹ್ಯಾಮೊನ ಹೆಂಡತಿ.
ಒಲೆಯ ಮೇಲಿನ ಮಡಕೆಯನ್ನು ಬರಿಗೈಯಲ್ಲಿ ಇಳಿಸಿದಳಂತೆ,
ವಾಸನೆ ಬಂದಾಗ
ಏನು ಸೀದಿತು ಎಂದು ಮಡಕೆಯೊಳಗೆ ಇಣುಕಿದಳಂತೆ.
ನೆರೆಯವಳ ಸಾಕ್ಷಿ, ಅಷ್ಟೇ.
ಕೆಳಗಿನ ಸಾಲಿನಲ್ಲಿ ಅವಳಿಗೆ
ಅಗಲವಾದ ಒಂದು ಜೊತೆ ಬೂಟು.
ಪುಟ ತಿರುವಿದರೆ
ಅದೇ ಬೂಟು ಇನ್ನೊಬ್ಬರಿಗೆ.

ರೋವೆನಾ ಇದನ್ನು ಓದಿ ಹೇಳುವಾಗ
ನನ್ನ ಬಲಗೈ ಜೇಬಿನಲ್ಲಿತ್ತು.
ಇಪ್ಪತ್ತಾರು ವರ್ಷ ಅದುರುವ ಯಂತ್ರ ಹಿಡಿದು
ಚಕ್ರದ ನಟ್ಟು ಬಿಚ್ಚಿದ ಕೈ.
ಚಳಿಗೆ ಮೂರು ಬೆರಳು ಸುಣ್ಣದಂತೆ ಬಿಳಿಚಿ
ಬೇರೆ ಯಾರದ್ದೋ ಆಗುತ್ತವೆ.
ಡಾಕ್ಟರು ಸೂಜಿ ಚುಚ್ಚಿ ಕೇಳುತ್ತಾರೆ, ತಿಳಿಯಿತಾ?
ತಿಳಿಯಿತು ಅನ್ನುತ್ತೇನೆ.
ಕೆಲಸ ಹೋದೀತಲ್ಲ.

ರೋಗ ಕಡಿಮೆಯಾಗುತ್ತ ಬಂತು, ಯಾಕೆಂದು ಬರೆದಿಟ್ಟವರಿಲ್ಲ.
ಗೇಣಿ ಮಾತ್ರ ಕಡಿಮೆಯಾಗಲಿಲ್ಲ.
ಕೊನೆಯ ನಲವತ್ತು ವರ್ಷ ರೋಗಿಗಳೇ ಇಲ್ಲದ ಮನೆಗೆ
ಒಬ್ಬ ಮೇಲ್ವಿಚಾರಕ, ಅವನಿಗೆ ಎರಡು ಕುದುರೆ.
ರಾಜನ ಕಡೆಯವರು ಬಂದು ಬರೆದುಕೊಂಡದ್ದು:
ಸೀಸದ ಮಾಡು, ಗಂಟೆ ಒಂದು, ಬಿರುಕುಬಿಟ್ಟದ್ದು.
ಕಲ್ಲು ಸೇತುವೆಗೆ, ಕೊಟ್ಟಿಗೆಗೆ, ಮೇಯರನ ಅಡುಗೆಮನೆಗೆ.
ಯಾರೂ ಮುಟ್ಟಲೊಲ್ಲದ ಗೋಡೆಯನ್ನು
ಊರೆಲ್ಲ ಸೇರಿ ಹೊತ್ತೊಯ್ದಿತು,
ಬರಿಗೈಯಲ್ಲಿ.

ಎಲುಬುಗಳೀಗ ರಟ್ಟಿನ ಪೆಟ್ಟಿಗೆಗಳಲ್ಲಿ, ಬೇರೆ ಊರಲ್ಲಿ.
ಗುಂಡಿ ಮುಚ್ಚಿ ಡಾಂಬರು ಹಾಕಿದ್ದೇವೆ.
ಗಾಡ್‌ಲೀವ ಮೂರನೇ ಪಾರ್ಕಿಂಗ್ ಗೆರೆಯ ಕೆಳಗೆ ಇದ್ದಳೋ,
ಇರಲೇ ಇಲ್ಲವೋ.

ಹೋದ ಬುಧವಾರ ಸಂತೆಯಲ್ಲಿ
ಚಿಲ್ಲರೆ ಕೈತಪ್ಪಿ ಬಿತ್ತು.
ಗಜ್ಜರಿ ಮಾರುವ ಹೆಂಗಸು ಬಗ್ಗಿ ಹೆಕ್ಕಿ
ನನ್ನ ಅಂಗೈಯಲ್ಲಿಟ್ಟು
ಬೆರಳುಗಳನ್ನು ಒಂದೊಂದಾಗಿ ಮಡಚಿದಳು.
ಮಡಚಿದ್ದನ್ನು
ನೋಡಿ ತಿಳಿದೆ.