ಒಂದು ಗೇಣು ಎತ್ತರ

ಅಬರ್ಡೀನ್. ಮೂರೂವರೆಗೇ ಕತ್ತಲು.
ಐಲ್ಸಾ ಉಪ್ಪುನೀರಿನ ಬಾಟಲಿಯನ್ನು
ಕಂಬದಲ್ಲಿ ಒಂದು ಗೇಣು ಮೇಲೇರಿಸುತ್ತಾಳೆ.
ಒತ್ತಡವೆಂದರೆ ಇಷ್ಟೇ, ಎತ್ತರ.

ಬಟ್ಟಲಲ್ಲಿ ಕಣ್ಣು. ಹೆಸರಿಲ್ಲ.
ಚೀಟಿಯಲ್ಲಿ: ಎಡ, ಎಪ್ಪತ್ತೊಂದು ವರ್ಷ.
ಅದರ ಹಿಂಗೋಡೆಯಲ್ಲೊಂದು ಜರಡಿ,
ಹತ್ತು ಲಕ್ಷ ನರದೆಳೆ ನುಸುಳುವ ಕಿಂಡಿಗಳು,
ಹಿಂದಕ್ಕೆ ಬಾಗುತ್ತದೆ ಹನ್ನೊಂದು ಮೈಕ್ರಾನು:
ಕೂದಲನ್ನು ಏಳಾಗಿ ಸೀಳಿದರೆ ಒಂದು ಪಾಲು.

ಒತ್ತುವ ಮೊದಲಿನ ಚಿತ್ರ, ಒತ್ತಿದ ಮೇಲಿನದು;
ಚುಕ್ಕಿಗೆ ಚುಕ್ಕಿ ಹುಡುಕುತ್ತದೆ ಯಂತ್ರ.
ಇಡೀ ಕಣ್ಣು ಜರುಗಿದ್ದನ್ನು ಮೊದಲು ಕಳೆಯಬೇಕು.
ಎಲ್ಲ ಒಟ್ಟಿಗೆ ಸರಿದರೆ ಅದು ಲೆಕ್ಕಕ್ಕಿಲ್ಲ;
ಪಕ್ಕದ್ದು ಸರಿದು ತಾನು ಉಳಿದಲ್ಲಿ ಮಾತ್ರ
ಎಳೆ ಬಿಗಿಯುತ್ತದೆ.

ದೋಣಿ ಮಾರಿ ಕೂತ ಅಪ್ಪ, ಟಾರ್ಕ್ವಿಲ್,
ಬಲಗಡೆಯ ಚಹಾ ಕಪ್ಪು ತಟ್ಟಿ ಬೀಳಿಸಿದ ದಿನ
"ನೀನೇ ಜರುಗಿಸಿದೆ" ಎಂದು ಅವಳ ಮೇಲೆ ರೇಗಿದ್ದ.
ನೋವಿರಲಿಲ್ಲ. ನೋಟವನ್ನು ಅಂಚಿನಿಂದ
ಇಲಿ ರೊಟ್ಟಿ ತಿಂದಂತೆ ತಿಂದಿತ್ತು.
ಕಪ್ಪನ್ನು ಅವಳು ಜರುಗಿಸಿರಲಿಲ್ಲ. ಹೌದೆಂದಳು.

ಪರದೆಯ ಮೂಲೆಯಲ್ಲಿ ಒಂದು ಚೂರು ಕೆಂಪು.
ಬಾಟಲಿಯನ್ನು ಇಳಿಸುತ್ತಾಳೆ, ಕಾಯುತ್ತಾಳೆ.
ಜರಡಿ ಮರಳುತ್ತದೆ, ಪೂರ್ತಿ ಅಲ್ಲ.
ದಾಖಲೆ ಪುಸ್ತಕದಲ್ಲಿ ಬರೆಯುತ್ತಾಳೆ:
ಎರಡು ಮೈಕ್ರಾನು ಬಾಕಿ.